ಸೋವಿಯತ್ ನಂತರದ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ: ತಾರ್ತು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಪದವಿ ತರಗತಿಗಳಲ್ಲಿ ಸೋವಿಯತ್ ಸಂವಿಧಾನ ಒಂದು ಕಾಲಕ್ಕೆ ಕಾಯಂ ಅಧ್ಯಾಯವಾಗಿತ್ತು. 1991ರಲ್ಲಿ ಆ ದೇಶವೇ ಇಲ್ಲವಾದ ಮೇಲೆ ಅಧ್ಯಾಯವೂ ಹೋಯಿತು. ಆದರೆ ಅದೇ ನೆಲದಲ್ಲಿ ರಾಜ್ಯಶಾಸ್ತ್ರವೆಂಬ ವಿಷಯವನ್ನು ಬುಡದಿಂದ ಕಟ್ಟಿಕೊಂಡ ಕತೆ ನಮ್ಮ ಪಠ್ಯಗಳೊಳಗೆ ಬರಲೇ ಇಲ್ಲ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದ ಬಗ್ಗೆ ನಾನು ಅಲ್ಲಲ್ಲಿ ಮಾತನಾಡಿದಾಗ ಸಹೋದ್ಯೋಗಿಗಳು, ಎಂ.ಎ. ವಿದ್ಯಾರ್ಥಿಗಳು ಮತ್ತು ಪತ್ರ ಬರೆದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಪರಿಚಯ

ಸೋವಿಯತ್ ಒಕ್ಕೂಟದಲ್ಲಿ ರಾಜ್ಯಶಾಸ್ತ್ರವೇ ಇರಲಿಲ್ಲ ಎನ್ನುತ್ತಾರಲ್ಲ, ನಿಜವೇ?

ವಿಶ್ವವಿದ್ಯಾಲಯದಲ್ಲಿ ಪದವಿ ಕೊಡುವ ಸ್ವತಂತ್ರ ವಿಷಯವಾಗಿ ಇರಲಿಲ್ಲ ಎಂಬುದು ನಿಜ. ಅದರ ಜಾಗದಲ್ಲಿ ಇದ್ದದ್ದು, ಭೌತಶಾಸ್ತ್ರ ಓದುವವನಿಂದ ಹಿಡಿದು ವೈದ್ಯಕೀಯ ಓದುವವಳ ತನಕ ಎಲ್ಲರೂ ಕಡ್ಡಾಯವಾಗಿ ಪಾಸು ಮಾಡಬೇಕಿದ್ದ ಪತ್ರಿಕೆಗಳ ಒಂದು ಸರಣಿ: ಕಮ್ಯುನಿಸ್ಟ್ ಪಕ್ಷದ ಇತಿಹಾಸ, ಮಾರ್ಕ್ಸ್‌ವಾದಿ-ಲೆನಿನ್‌ವಾದಿ ತತ್ವಶಾಸ್ತ್ರ, ರಾಜಕೀಯ ಅರ್ಥಶಾಸ್ತ್ರ ಮತ್ತು 1960ರ ದಶಕದಲ್ಲಿ ಸೇರಿದ 'ವೈಜ್ಞಾನಿಕ ಕಮ್ಯುನಿಸಂ'. ಎಸ್ಟೋನಿಯಾದ ವಿದ್ಯಾರ್ಥಿಗಳು ಇವನ್ನು 'ಕೆಂಪು ವಿಷಯಗಳು' ಎಂದು ಕರೆಯುತ್ತಿದ್ದರು. ಮಾಸ್ಕೋದ ಪ್ರಗತಿ ಪ್ರಕಾಶನ ಅಚ್ಚು ಮಾಡಿ ಕಳಿಸುತ್ತಿದ್ದ ಅಗ್ಗದ ಬೆಲೆಯ ಕನ್ನಡ ಪುಸ್ತಕಗಳು ಯಾರ ಮನೆಯ ಕಪಾಟಿನಲ್ಲಾದರೂ ಇನ್ನೂ ಉಳಿದಿದ್ದರೆ, ಆ ಪಾಠಗಳ ಧಾಟಿ ಹೇಗಿತ್ತೆಂದು ಅವರಿಗೆ ವಿವರಿಸಬೇಕಿಲ್ಲ.

ಇದರ ಕಾರಣ ಸರಳ. ಸಮಾಜದ ಚಲನೆಯ ನಿಯಮಗಳು ಪಕ್ಷಕ್ಕೆ ಮೊದಲೇ ಗೊತ್ತಿವೆ ಎಂದು ಒಪ್ಪಿದ ಮೇಲೆ, ಮತದಾರ ಯಾರಿಗೆ ಏಕೆ ಮತ ಹಾಕುತ್ತಾನೆ ಎಂದು ಹೊಸದಾಗಿ ವಿಚಾರಿಸುವ ಶಾಸ್ತ್ರಕ್ಕೆ ಕೆಲಸವಿರುವುದಿಲ್ಲ. ಮತಪತ್ರದಲ್ಲಿ ಒಂದೇ ಹೆಸರಿದ್ದ ಚುನಾವಣೆಯಲ್ಲಂತೂ ವಿಚಾರಿಸಲು ಏನೂ ಇರಲಿಲ್ಲ. ಹಾಗಿದ್ದೂ ಹೊರಜಗತ್ತಿಗೆ ತೋರಿಸಲು ಒಂದು ಸಂಘವಿತ್ತು. ಅದು 1955ರಲ್ಲೇ ಅಂತರರಾಷ್ಟ್ರೀಯ ರಾಜ್ಯಶಾಸ್ತ್ರ ಸಂಸ್ಥೆಯನ್ನು ಸೇರಿತ್ತು, 1979ರಲ್ಲಿ ಆ ಸಂಸ್ಥೆಯ ವಿಶ್ವ ಸಮ್ಮೇಳನ ಮಾಸ್ಕೋದಲ್ಲೇ ನಡೆಯಿತು. ರಾಜಕೀಯವನ್ನು ಪ್ರತ್ಯೇಕ ವಿಜ್ಞಾನವಾಗಿ ಬೆಳೆಸಬೇಕೆಂದು ಸೋವಿಯತ್ ಪತ್ರಕರ್ತ ಫ್ಯೋದರ್ ಬುರ್ಲಾತ್ಸ್ಕಿ 1965ರಲ್ಲಿ ಪಕ್ಷದ ಮುಖವಾಣಿ 'ಪ್ರಾವ್ದಾ' ಪತ್ರಿಕೆಯಲ್ಲೇ ಬರೆದಿದ್ದರು. ಆ ಮಾತಿಗೆ ಅಧಿಕೃತ ಮನ್ನಣೆ ಸಿಗುವಷ್ಟರಲ್ಲಿ 1980ರ ದಶಕ ಮುಗಿಯುತ್ತ ಬಂದಿತ್ತು.

ಈ ತಾರ್ತು ಎಲ್ಲಿದೆ? ಮಾಸ್ಕೋ ಬಿಟ್ಟು ಇದನ್ನೇ ಏಕೆ ಹಿಡಿದುಕೊಂಡಿರಿ?

ಬಾಲ್ಟಿಕ್ ಸಮುದ್ರದ ದಡದ ಎಸ್ಟೋನಿಯಾದಲ್ಲಿ, ರಾಜಧಾನಿ ತಾಲಿನ್‌ನಿಂದ ಆಗ್ನೇಯಕ್ಕಿರುವ ಊರು ತಾರ್ತು. ಇಡೀ ದೇಶದ ಜನಸಂಖ್ಯೆ ಹದಿನಾಲ್ಕು ಲಕ್ಷಕ್ಕೂ ಕಡಿಮೆ. ವಿಶ್ವವಿದ್ಯಾಲಯವನ್ನು ಸ್ವೀಡನ್ನಿನ ದೊರೆ ಗುಸ್ಟಾವ್ ಅಡಾಲ್ಫ್ 1632ರಲ್ಲಿ ಸ್ಥಾಪಿಸಿದ. ಅದರ ಮೊದಲ ಕುಲಾಧಿಪತಿ ಯೋಹಾನ್ ಸ್ಕಿಟ್ಟೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 1622ರಲ್ಲಿ ವಾಗ್ಮಿತೆ ಮತ್ತು ರಾಜ್ಯಾಡಳಿತಕ್ಕೆಂದು ಪೀಠ ಕಟ್ಟಿಸಿದವನೂ ಈತನೇ. ತಾರ್ತುವಿನ ಈಗಿನ ರಾಜ್ಯಶಾಸ್ತ್ರ ಸಂಸ್ಥೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಸ್ವೀಡಿಷ್ ಆಳ್ವಿಕೆಯಲ್ಲಿ ಹುಟ್ಟಿ, 1802ರಲ್ಲಿ ರಷ್ಯನ್ ಸಾಮ್ರಾಜ್ಯದೊಳಗೆ ಜರ್ಮನ್ ಮಾಧ್ಯಮದಲ್ಲಿ ಮತ್ತೆ ತೆರೆದು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಷ್ಯನ್‌ಗೆ ತಿರುಗಿ, 1919ರಲ್ಲಿ ಎಸ್ಟೋನಿಯನ್ ವಿಶ್ವವಿದ್ಯಾಲಯವಾಗಿ, ನಂತರ ಸೋವಿಯತ್ ಆಳ್ವಿಕೆಗೆ ಸಿಕ್ಕಿ ಹೊರಬಂದ ಸಂಸ್ಥೆ ಇದು. ಆಳುವವರು ಬದಲಾದಾಗಲೆಲ್ಲ ವಿದ್ಯೆಯ ಭಾಷೆಯೂ ವಿಷಯವೂ ಬದಲಾಗುವುದನ್ನು ಒಂದೇ ಕಟ್ಟಡದಲ್ಲಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು.

ಹಳೆಯ ಮೇಷ್ಟ್ರುಗಳು ಎಲ್ಲಿಗೆ ಹೋದರು? ಬೋರ್ಡು ಬದಲಾಯಿಸಿ ಅವರೇ ಮುಂದುವರಿದರಾ?

ಹಳೆಯ ಒಕ್ಕೂಟದ ಬಹುಭಾಗದಲ್ಲಿ ಆದದ್ದು ಹಾಗೆಯೇ. ವೈಜ್ಞಾನಿಕ ಕಮ್ಯುನಿಸಂ ವಿಭಾಗದ ಬಾಗಿಲಿಗೆ 'ಪೊಲಿಟೊಲೊಗಿಯ' (ರಷ್ಯನ್‌ನಲ್ಲಿ ರಾಜ್ಯಶಾಸ್ತ್ರ) ಎಂಬ ಹೊಸ ಫಲಕ ಬಂತು. ಒಳಗಿನ ಮೇಜು, ಕುರ್ಚಿ, ಅಧ್ಯಾಪಕರು ಹಾಗೇ ಉಳಿದರು. ಅವರನ್ನು ಸುಮ್ಮನೆ ಗೇಲಿ ಮಾಡುವುದು ನ್ಯಾಯವಲ್ಲ. ನಲವತ್ತೈದು ದಾಟಿದ ಮನುಷ್ಯ, ಸಂಬಳದ ಬೆಲೆ ತಿಂಗಳು ತಿಂಗಳೂ ಕುಸಿಯುತ್ತಿದ್ದ ಕಾಲದಲ್ಲಿ, ತನಗೆ ಬಾರದ ಭಾಷೆಯ ಪುಸ್ತಕಗಳಿಂದ ತನಗೆ ಗೊತ್ತಿಲ್ಲದ ವಿಷಯವನ್ನು ಕಲಿತು ಮರುದಿನ ಪಾಠ ಮಾಡಬೇಕಿತ್ತು. ಕೆಲವರು ನಿಜವಾಗಿಯೂ ಕಲಿತರು. ಉಳಿದವರು 'ವರ್ಗ ಹೋರಾಟ' ಎಂದಿದ್ದ ಕಡೆ 'ಭೂರಾಜಕೀಯ' ಎಂದೋ 'ನಾಗರಿಕತೆ' ಎಂದೋ ಹಾಕಿ ಹಳೆಯ ಟಿಪ್ಪಣಿಗಳನ್ನೇ ಓದಿದರು.

ತಾರ್ತುವಿನಲ್ಲಿ ದಾರಿ ಸ್ವಲ್ಪ ಬೇರೆಯಾಯಿತು. 1990ರ ದಶಕದ ಆರಂಭದಲ್ಲಿ ಸಮಾಜವಿಜ್ಞಾನಗಳಿಗೆ ಹೊಸ ನಿಕಾಯವನ್ನೇ ಕಟ್ಟಿ, ಅದರ ಹೊಣೆಯನ್ನು ಹೊರದೇಶದಲ್ಲಿ ನೆಲೆಸಿದ್ದ ಎಸ್ಟೋನಿಯನ್ ವಿದ್ವಾಂಸರೊಬ್ಬರಿಗೆ ವಹಿಸಿದರು. ಜೊತೆಗೆ ಒಳಗೇ ಉಳಿದು ಗಂಭೀರವಾಗಿ ಕೆಲಸ ಮಾಡಿದವರ ಪರಂಪರೆಯೂ ಅಲ್ಲಿತ್ತು. ಲೆನಿನ್‌ಗ್ರಾದಿನಲ್ಲಿ ಕೆಲಸ ಸಿಗದೆ 1950ರಲ್ಲಿ ತಾರ್ತುವಿಗೆ ಬಂದ ಯೂರಿ ಲೋಟ್‌ಮನ್ ಸಂಸ್ಕೃತಿಯ ಸಂಕೇತಶಾಸ್ತ್ರದಲ್ಲಿ ಜಗತ್ತೇ ತಿರುಗಿ ನೋಡುವ ಪಂಥವನ್ನು ಬೆಳೆಸಿದ್ದರು. ರಾಜಕೀಯದ ಬಗ್ಗೆ ನೇರವಾಗಿ ಯೋಚಿಸಲು ಬಿಡದ ಕಡೆ ಜಾಣರು ಹತ್ತಿರದ ಬೇರೆ ಶಾಸ್ತ್ರದೊಳಗೆ ಹೊಕ್ಕು ಯೋಚಿಸುತ್ತಾರೆ.

ಆ ಹೊರದೇಶದ ವಿದ್ವಾಂಸರು ಯಾರು? ಭೌತಶಾಸ್ತ್ರಜ್ಞ ಅಂತ ಕೇಳಿದ್ದೆ.

ರೈನ್ ತಾಗೆಪೆರಾ. 1933ರಲ್ಲಿ ತಾರ್ತುವಿನಲ್ಲಿ ಹುಟ್ಟಿದವರು. 1944ರಲ್ಲಿ ಸೋವಿಯತ್ ಸೇನೆ ಮರಳಿ ಬಂದಾಗ ಕುಟುಂಬ ದೇಶ ಬಿಟ್ಟಿತು. ಪ್ರೌಢಶಾಲೆ ಮೊರಾಕ್ಕೊದ ಮರಾಕೆಶ್‌ನಲ್ಲಿ, ಪದವಿ ಟೊರಾಂಟೊದಲ್ಲಿ, 1965ರಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಅಮೆರಿಕದ ಡೆಲವೇರ್‌ನಲ್ಲಿ. ಕೆಲಕಾಲ ಡ್ಯೂಪಾಂಟ್ ಕಂಪನಿಯಲ್ಲಿ ದುಡಿದು, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ ಮಾಡಿಕೊಂಡು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾದರು. ತಾರ್ತುವಿನ ಹೊಸ ನಿಕಾಯಕ್ಕೆ ಅವರೇ ಮೊದಲ ಡೀನ್. 1992ರಲ್ಲಿ ಎಸ್ಟೋನಿಯಾದ ಅಧ್ಯಕ್ಷ ಚುನಾವಣೆಗೂ ನಿಂತು, ಶೇ. 23ರಷ್ಟು ಮತ ಪಡೆದು ಮೂರನೆಯ ಸ್ಥಾನಕ್ಕೆ ಬಂದರು. ಚುನಾವಣಾ ಪದ್ಧತಿಗಳ ಕುರಿತ ಕೆಲಸಕ್ಕಾಗಿ 2008ರಲ್ಲಿ ಉಪ್ಸಾಲಾದವರು ಕೊಡುವ ಯೋಹಾನ್ ಸ್ಕಿಟ್ಟೆ ಪ್ರಶಸ್ತಿ ಅವರಿಗೆ ಬಂತು. ರಾಜ್ಯಶಾಸ್ತ್ರದಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ.

## ಪಾಠ, ಭಾಷೆ, ಪದವಿ

ಈಗಲೂ ಅಲ್ಲಿ ಮಾರ್ಕ್ಸ್ ಕಲಿಸುತ್ತಾರಾ?

ಹಾಬ್ಸ್, ರೂಸೋ ಅವರೊಂದಿಗೆ ಒಬ್ಬ ಚಿಂತಕನಾಗಿ ಓದಿಸುತ್ತಾರೆ. ಕಡ್ಡಾಯ ನಂಬಿಕೆಯಾಗಿದ್ದಾಗ ಯಾರೂ ಮನಸ್ಸಿಟ್ಟು ಓದದ ಮಾರ್ಕ್ಸ್‌ನನ್ನು ಈಗ ಓದುವ ನಾಲ್ಕು ಜನ ಚೆನ್ನಾಗಿಯೇ ಓದುತ್ತಾರೆ.

ಹನ್ನೊಂದು ಲಕ್ಷ ಜನ ಆಡುವ ಭಾಷೆಯಲ್ಲಿ ರಾಜ್ಯಶಾಸ್ತ್ರ ಕಲಿಸಲು ಆಗುತ್ತದೆಯೇ? ನಮ್ಮಲ್ಲಿ ಆರು ಕೋಟಿ ಇದ್ದರೂ ಆಗುತ್ತಿಲ್ಲ.

ಸ್ನಾತಕ ಹಂತದಲ್ಲಿ ಆಗುತ್ತದೆ, ಆಗುತ್ತಲೂ ಇದೆ. ಸೋವಿಯತ್ ಕಾಲದಲ್ಲೂ ತಾರ್ತುವಿನ ಪಾಠದ ಮುಖ್ಯ ಭಾಷೆ ಎಸ್ಟೋನಿಯನ್ ಆಗಿಯೇ ಉಳಿದಿತ್ತು. 1970ರ ದಶಕದ ನಡುವಿನಿಂದ ಸಂಶೋಧನಾ ಪ್ರಬಂಧಗಳನ್ನು ಮಾತ್ರ ರಷ್ಯನ್‌ನಲ್ಲಿ ಬರೆದು ಮಾಸ್ಕೋದ ಮೋಹರು ಪಡೆಯಬೇಕಿತ್ತು. ಅಂದರೆ ಭಾಷೆ ತರಗತಿಯಲ್ಲಿ ಬದುಕಿತ್ತು, ರಾಜಕೀಯದ ಪರಿಭಾಷೆ ಮಾತ್ರ ಪಕ್ಷದ ಹಿಡಿತದಲ್ಲಿತ್ತು. ಆದ್ದರಿಂದ 1990ರ ದಶಕದಲ್ಲಿ ಶಬ್ದಗಳನ್ನು ಹುಟ್ಟಿಸುವುದೂ ವಿಭಾಗದ ಕೆಲಸವೇ ಆಯಿತು. 2013ರಿಂದ ಪೂರ್ಣಾವಧಿಯಾಗಿ ಎಸ್ಟೋನಿಯನ್ ಮಾಧ್ಯಮದಲ್ಲಿ ಓದುವವರಿಗೆ ಶುಲ್ಕವಿಲ್ಲವೆಂಬ ನಿಯಮ ಬಂದದ್ದು ಭಾಷೆಗೆ ದೊಡ್ಡ ಬಲ ಕೊಟ್ಟಿತು.

ಸ್ನಾತಕೋತ್ತರ ಹಂತಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ಅಂತರರಾಷ್ಟ್ರೀಯ ಸಂಬಂಧಗಳಂಥ ಕೋರ್ಸುಗಳು ಇಂಗ್ಲಿಷಿನಲ್ಲಿವೆ. ಸಂಶೋಧನೆಯ ಬಹುಭಾಗವೂ ಇಂಗ್ಲಿಷಿನಲ್ಲೇ. ಎಸ್ಟೋನಿಯಾದ ಚುನಾವಣೆಯ ಬಗ್ಗೆ ಎಸ್ಟೋನಿಯನ್ ಓದುಗನಿಗಾಗಿ ಬರೆದ ಲೇಖನಕ್ಕಿಂತ ವಿದೇಶಿ ನಿಯತಕಾಲಿಕದಲ್ಲಿ ಬಂದ ಲೇಖನಕ್ಕೆ ಬಡ್ತಿಯ ಲೆಕ್ಕದಲ್ಲಿ ತೂಕ ಹೆಚ್ಚು. ಪತ್ರ ಬರೆದವರಿಗೆ ನಾನು ಹೇಳುವುದಿಷ್ಟೇ: ಅವರು ಅರ್ಧ ಗೆದ್ದಿದ್ದಾರೆ. ನಾವು ಪಿಯುಸಿ ಪಠ್ಯದ ಆಚೆಗೆ ಆಟವನ್ನೇ ಸರಿಯಾಗಿ ಶುರು ಮಾಡಿಲ್ಲ.

ಕರ್ನಾಟಕದಿಂದ ಹೋಗಿ ಓದಬಹುದಾ? ಎಂಬಿಬಿಎಸ್‌ಗೆ ರಷ್ಯಾಕ್ಕೆ ಹೋದ ಹಾಗೆ ಏಜೆಂಟರು ಕಳಿಸುತ್ತಾರಾ?

ಓದಬಹುದು, ಆದರೆ ಏಜೆಂಟರನ್ನು ಮರೆತುಬಿಡಿ. ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿದಾರರು ತಾವೇ ನೇರವಾಗಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಶುಲ್ಕವಿದೆ, ಕೆಲವರಿಗೆ ವಿನಾಯಿತಿ ಸಿಗುತ್ತದೆ. ಎಸ್ಟೋನಿಯಾ 2002ರಲ್ಲೇ ಮೂರು ಮತ್ತು ಎರಡು ವರ್ಷಗಳ ಯುರೋಪಿಯನ್ ಪದವಿ ಚೌಕಟ್ಟಿಗೆ ಬಂದಿರುವುದರಿಂದ ನಮ್ಮ ಮೂರು ವರ್ಷದ ಬಿ.ಎ.ಗೆ ಅದು ಹೊಂದುತ್ತದೆ. ರಷ್ಯಾ ಮತ್ತು ಮಧ್ಯ ಏಷ್ಯಾದ ಅಧ್ಯಯನವೇ ಗುರಿಯಾಗಿದ್ದರೆ ದೆಹಲಿಯ ಜೆಎನ್‌ಯುದಲ್ಲಿ ಅದಕ್ಕೇ ಮೀಸಲಾದ ಕೇಂದ್ರವಿದೆ ಎಂಬುದನ್ನೂ ನೆನಪಿಡಿ.

ಪಿಎಚ್‌ಡಿ ಪದ್ಧತಿ ನಮ್ಮ ಹಾಗೆಯೇ? ಗೈಡ್ ಸಿಕ್ಕಿದರೆ ಮುಗಿಯಿತಾ?

ಸೋವಿಯತ್ ಪದ್ಧತಿಯಲ್ಲಿ ಎರಡು ಮೆಟ್ಟಿಲುಗಳಿದ್ದವು: ಮೊದಲು 'ಕಂದಿದಾತ್', ಹಲವು ವರ್ಷಗಳ ನಂತರ 'ದೋಕ್ತರ್'. ವಿಶ್ವವಿದ್ಯಾಲಯ ಪದವಿಗೆ ಶಿಫಾರಸು ಮಾಡಿದರೂ ಕೊನೆಯ ಮಾತು ಮಾಸ್ಕೋದ ಉನ್ನತ ದೃಢೀಕರಣ ಆಯೋಗದ್ದು. ರಷ್ಯಾದಲ್ಲಿ ಈ ಎರಡು ಮೆಟ್ಟಿಲು ಇಂದಿಗೂ ಉಳಿದಿದೆ. ಅಲ್ಲಿ ರಾಜಕಾರಣಿಗಳು ಕದ್ದು ಬರೆಸಿದ ಪ್ರಬಂಧಗಳನ್ನು ಬಯಲಿಗೆಳೆಯಲು 2013ರಲ್ಲಿ 'ದಿಸ್ಸೆರ್‌ನೆತ್' ಎಂಬ ಸ್ವಯಂಸೇವಕ ಜಾಲವೇ ಹುಟ್ಟಬೇಕಾಯಿತು.

ಎಸ್ಟೋನಿಯಾ ಎರಡು ಮೆಟ್ಟಿಲನ್ನು ಕೈಬಿಟ್ಟು ಒಂದೇ ಪಿಎಚ್‌ಡಿಗೆ ಬಂತು. ತಾರ್ತುವಿನಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕಗಳಲ್ಲಿ ಪ್ರಕಟವಾದ ಕೆಲವು ಲೇಖನಗಳನ್ನು ಒಂದು ದೀರ್ಘ ಪ್ರಸ್ತಾವನೆಯೊಂದಿಗೆ ಜೋಡಿಸಿ ಸಲ್ಲಿಸುವ ರೂಢಿ ಬಲವಾಗಿದೆ. ಒಂದೇ ದೊಡ್ಡ ಗ್ರಂಥವಾಗಿ ಬರೆಯುವವರೂ ಇದ್ದಾರೆ. 2022ರ ಸುಧಾರಣೆಯ ನಂತರ ಸಂಶೋಧನಾ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ 'ಕಿರಿಯ ಸಂಶೋಧಕ' ಎಂದು ನೌಕರಿಯ ಕರಾರಿನ ಮೇಲೆ ನೇಮಿಸಿ ಸಂಬಳ ಕೊಡುತ್ತಾರೆ. ಫೆಲೋಶಿಪ್ ಹಣ ಯಾವಾಗ ಬಂದೀತೆಂದು ಕಾಯುತ್ತಾ ಗೈಡ್ ಮನೆಯ ಕೆಲಸ ಮಾಡಿಕೊಟ್ಟವರಿಗೆ ಇದರ ಅರ್ಥ ಬೇಗ ಆಗುತ್ತದೆ.

## ಸಂಶೋಧನೆಯ ಒಳಗೆ

'ಪರಿಣಾಮಕಾರಿ ಪಕ್ಷಗಳ ಸಂಖ್ಯೆ', ಘನಮೂಲದ ನಿಯಮ, ಇದೆಲ್ಲ ಏನು? ಲೆಕ್ಕ ಮಾಡಿ ತೋರಿಸಿ.

ಶಾಸನಸಭೆಯಲ್ಲಿ ಎಷ್ಟು ಪಕ್ಷಗಳಿವೆ ಎಂದು ಸುಮ್ಮನೆ ಎಣಿಸಿದರೆ ಒಂದೇ ಸ್ಥಾನ ಗೆದ್ದ ಪಕ್ಷವೂ ನೂರು ಗೆದ್ದ ಪಕ್ಷವೂ ಸಮವಾಗಿಬಿಡುತ್ತವೆ. ಇದಕ್ಕೆ ಪರಿಹಾರವಾಗಿ ತಾಗೆಪೆರಾ ಮತ್ತು ಫಿನ್ಲೆಂಡಿನ ಮಾರ್ಕು ಲಾಕ್ಸೊ 1979ರಲ್ಲಿ ಒಂದು ಸೂತ್ರ ಕೊಟ್ಟರು: ಪ್ರತಿ ಪಕ್ಷದ ಸ್ಥಾನಗಳ ಪಾಲನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಒಂದನ್ನು ಆ ಮೊತ್ತದಿಂದ ಭಾಗಿಸಿ. ಬರುವ ಉತ್ತರವೇ 'ಪರಿಣಾಮಕಾರಿ ಪಕ್ಷಗಳ ಸಂಖ್ಯೆ'.

ಎಸ್ಟೋನಿಯಾದ ಸಂಸತ್ತು ರೀಗಿಕೊಗುವಿನಲ್ಲಿ 101 ಸ್ಥಾನಗಳಿವೆ. 2023ರಲ್ಲಿ ಆರು ಪಕ್ಷಗಳು ಕ್ರಮವಾಗಿ 37, 17, 16, 14, 9 ಮತ್ತು 8 ಸ್ಥಾನ ಗೆದ್ದವು. ಇವುಗಳ ವರ್ಗಗಳ ಮೊತ್ತ 2,255. ಒಟ್ಟು ಸ್ಥಾನ 101ರ ವರ್ಗವಾದ 10,201ನ್ನು ಅದರಿಂದ ಭಾಗಿಸಿದರೆ 4.52. ಅದೇ ವರ್ಷ ಕರ್ನಾಟಕ ವಿಧಾನಸಭೆಯಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಮತ್ತು ಬಿಡಿಬಿಡಿಯಾಗಿ ನಾಲ್ವರು ಗೆದ್ದರು. ವರ್ಗಗಳ ಮೊತ್ತ 22,946, 224ರ ವರ್ಗ 50,176, ಉತ್ತರ 2.19. ಮೂರು ಪಕ್ಷಗಳ ರಾಜ್ಯವೆಂದು ನಾವು ಹೇಳಿಕೊಂಡರೂ ಸಭೆಯೊಳಗಿನ ಬಲಾಬಲ ಎರಡು ಪಕ್ಷಗಳಿಗಿಂತ ಕೊಂಚವೇ ಹೆಚ್ಚು ಎಂದು ಇದರ ಅರ್ಥ.

ಇಷ್ಟು ಬರೀ ಅಳತೆ. ತಾಗೆಪೆರಾ ಅವರ ನಿಜವಾದ ಸಾಹಸ ಮುಂದಿನದು. ಜನಸಂಖ್ಯೆಯ ಘನಮೂಲಕ್ಕೆ ಹತ್ತಿರವಾಗಿ ದೇಶದ ಕೆಳಮನೆಯ ಗಾತ್ರ ಇರುತ್ತದೆ ಎಂದು 1972ರಲ್ಲಿ ವಾದಿಸಿದರು. ಸದಸ್ಯನೊಬ್ಬ ಕ್ಷೇತ್ರದ ಜನರ ಜೊತೆಗೂ ಸಹಸದಸ್ಯರ ಜೊತೆಗೂ ಮಾತುಕತೆ ಇಟ್ಟುಕೊಳ್ಳಬೇಕು. ಸಭೆ ಚಿಕ್ಕದಾದರೆ ಮೊದಲನೆಯದು ಮಿತಿಮೀರುತ್ತದೆ, ದೊಡ್ಡದಾದರೆ ಎರಡನೆಯದು. ಎರಡರ ಒಟ್ಟು ಹೊರೆ ತೀರಾ ಕಡಿಮೆ ಇರುವ ಜಾಗ ಘನಮೂಲದ ಹತ್ತಿರ ಬರುತ್ತದೆ. ಎಸ್ಟೋನಿಯಾಕ್ಕೆ ಲೆಕ್ಕ ಹಾಕಿದರೆ ಸುಮಾರು 111, ಇರುವುದು 101. ನೂರ ನಲವತ್ತು ಕೋಟಿಯ ಭಾರತಕ್ಕೆ ಸುಮಾರು 1,119 ಬರುತ್ತದೆ, ಲೋಕಸಭೆಯಲ್ಲಿ ಇರುವುದು 543. ಕ್ಷೇತ್ರ ಮರುವಿಂಗಡಣೆಯ ಬಗ್ಗೆ ನಮ್ಮಲ್ಲಿ ನಡೆಯುತ್ತಿರುವ ಜಗಳಕ್ಕೆ ಈ ಸಂಖ್ಯೆಯನ್ನು ಆಯುಧ ಮಾಡಿಕೊಳ್ಳಬೇಡಿ. ಸಭೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂಬುದಕ್ಕೂ ಸಂಬಂಧವಿಲ್ಲ.

ಕೊನೆಯ ಮೆಟ್ಟಿಲು: ಸಭೆಯ ಒಟ್ಟು ಸ್ಥಾನಗಳನ್ನು ಒಂದು ಕ್ಷೇತ್ರದಿಂದ ಆಯ್ಕೆಯಾಗುವವರ ಸರಾಸರಿ ಸಂಖ್ಯೆಯಿಂದ ಗುಣಿಸಿ, ಗುಣಲಬ್ಧದ ಆರನೆಯ ಮೂಲ ತೆಗೆದರೆ ಪರಿಣಾಮಕಾರಿ ಪಕ್ಷಗಳ ಸಂಖ್ಯೆ ಸಿಗಬೇಕು. ನಮ್ಮಲ್ಲಿ ಕ್ಷೇತ್ರಕ್ಕೊಬ್ಬ ಶಾಸಕ. 224ರ ಆರನೆಯ ಮೂಲ 2.46, ಸಿಕ್ಕಿದ್ದು 2.19. ಜಾತಿ, ನಾಯಕ, ಹಣ, ಅಲೆ ಯಾವುದನ್ನೂ ಕೇಳದೆ ಬರೀ ನಿಯಮಗಳಿಂದ ಇಷ್ಟು ಹತ್ತಿರ ಬರುವುದು ನನಗಂತೂ ಮೊದಲ ಸಲ ಬೆರಗು ತಂದಿತ್ತು. ಎಸ್ಟೋನಿಯಾದಲ್ಲಿ 12 ಕ್ಷೇತ್ರಗಳು, ಕ್ಷೇತ್ರಕ್ಕೆ ಸರಾಸರಿ ಎಂಟು ಚಿಲ್ಲರೆ ಸ್ಥಾನ, ಸೂತ್ರ 3.1ರ ಹತ್ತಿರ ಹೇಳುತ್ತದೆ, ನಿಜದಲ್ಲಿ 4.52. ಅಲ್ಲಿ ಕ್ಷೇತ್ರಗಳಲ್ಲಿ ಹಂಚಿಕೆಯಾಗದೆ ಉಳಿದ ಸ್ಥಾನಗಳನ್ನು ರಾಷ್ಟ್ರಮಟ್ಟದಲ್ಲಿ, ಶೇ. 5ರ ಗಡಿ ದಾಟಿದ ಪಕ್ಷಗಳಿಗೆ ಹಂಚುವ ಪದ್ಧತಿಯಿದೆ. ಸರಳ ಸೂತ್ರ ಅಂಥ ಜೋಡಿ ವ್ಯವಸ್ಥೆಗೆ ಮಾಡಿದ್ದಲ್ಲ. ಗುರುವಿನ ಸೂತ್ರ ಗುರುವಿನ ಊರಲ್ಲೇ ತಪ್ಪುವುದನ್ನು ತರಗತಿಯಲ್ಲಿ ತೋರಿಸುವುದು ಒಳ್ಳೆಯ ಪಾಠ.

ಇಂಟರ್ನೆಟ್‌ನಲ್ಲೇ ಮತ ಹಾಕುತ್ತಾರಂತೆ. ಅದರಲ್ಲಿ ರಾಜ್ಯಶಾಸ್ತ್ರದವರಿಗೆ ಸಂಶೋಧನೆ ಮಾಡಲು ಏನಿದೆ?

ಎಸ್ಟೋನಿಯಾ 2005ರ ಸ್ಥಳೀಯ ಚುನಾವಣೆಯಲ್ಲಿ ಇದನ್ನು ಆರಂಭಿಸಿದಾಗ ಮತ ಹಾಕಿದವರಲ್ಲಿ ಶೇ. 2ರಷ್ಟು ಜನವೂ ಬಳಸಲಿಲ್ಲ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಹೀಗೆಯೇ ಬಂದವು. ಮನೆಯಲ್ಲಿ ಯಾರೋ ಪಕ್ಕದಲ್ಲಿ ನಿಂತು ಒತ್ತಾಯ ಮಾಡಿದರೆ ಹೇಗೆ ಎಂಬ ಪ್ರಶ್ನೆಗೆ ಅವರ ಉತ್ತರ, ಎಷ್ಟು ಸಲ ಬೇಕಾದರೂ ಮತ ಬದಲಾಯಿಸಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ; ಕಾಗದದ ಮತ ಹಾಕಿದರೆ ಅದೇ ಅಂತಿಮ.

ತಾರ್ತುವಿನ ಸಂಶೋಧಕರು ಪ್ರತಿ ಚುನಾವಣೆಯ ನಂತರ ಸಮೀಕ್ಷೆ ನಡೆಸಿ, ಮತದಾನ ವ್ಯವಸ್ಥೆಯಲ್ಲಿ ದಾಖಲಾಗುವ ಹೆಸರಿಲ್ಲದ ಅಂಕಿಗಳನ್ನೂ ಬಳಸಿ, ಈ ಸೌಲಭ್ಯ ಯಾರ ಕೈಗೆ ಹೋಗುತ್ತದೆ ಎಂದು ನೋಡುತ್ತ ಬಂದರು. ಆರಂಭದಲ್ಲಿ ಯುವಕರು, ಓದಿದವರು, ಕಂಪ್ಯೂಟರ್ ಬಲ್ಲವರು, ಎಸ್ಟೋನಿಯನ್ ಭಾಷಿಕರು ಮುಂದಿದ್ದರು. ಮೂರು ಚುನಾವಣೆ ಕಳೆಯುವಷ್ಟರಲ್ಲಿ ಆ ವ್ಯತ್ಯಾಸಗಳು ಬಹುಪಾಲು ಕರಗಿ, ಇಂಟರ್ನೆಟ್ ಮತದಾರ ಇತರ ಮತದಾರರಂತೆಯೇ ಕಾಣತೊಡಗಿದ. ಆದರೆ ಪಕ್ಷಗಳ ನಡುವೆ ನಂಬಿಕೆಯ ಅಂತರ ಉಳಿದಿದೆ. 2023ರಲ್ಲಿ ಬಲಪಂಥೀಯ ಇಕೆಆರ್‌ಇ ಪಕ್ಷ ಇಂಟರ್ನೆಟ್ ಮತಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಇವಿಎಂ ವಿವಾದ ನೋಡುತ್ತ ಬೆಳೆದ ನಮಗೆ ಆ ವಾದಗಳ ಧಾಟಿ ಹೊಸದೇನೂ ಅಲ್ಲ.

## ತೊಡಕಿನ ಪ್ರಶ್ನೆಗಳು

ರಷ್ಯಾದ ಗಡಿಯಲ್ಲೇ ಕೂತು ರಷ್ಯಾವನ್ನು ಅಧ್ಯಯನ ಮಾಡುವುದು ಲಾಭವೋ ಅಪಾಯವೋ?

ಎರಡೂ. ಭಾಷೆ ಬಲ್ಲವರು, ಪತ್ರಿಕೆ ಓದುವವರು, ಎರಡೂ ಕಡೆ ಬಂಧುಗಳಿರುವವರು ಅಲ್ಲೇ ಸಿಗುತ್ತಾರೆ. ದೇಶದ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ರಷ್ಯನ್ ಭಾಷಿಕರಾಗಿರುವುದರಿಂದ ಪೌರತ್ವ, ಭಾಷಾನೀತಿ, ಮತದಾನದ ಹಕ್ಕು ಇವೆಲ್ಲ ಸಂಶೋಧನೆಯ ವಿಷಯಗಳೂ ಹೌದು, ಮನೆಬಾಗಿಲಿನ ಜಗಳಗಳೂ ಹೌದು. 2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿ ರಷ್ಯಾ ಮತ್ತು ಬೆಲಾರುಸ್ ಪೌರರಿಗೆ ಸ್ಥಳೀಯ ಚುನಾವಣೆಯಲ್ಲಿ ಇದ್ದ ಮತಾಧಿಕಾರವನ್ನು ತೆಗೆದುಹಾಕಿದ್ದು ಇದರ ಇತ್ತೀಚಿನ ಅಧ್ಯಾಯ.

2022ರ ಯುದ್ಧದ ನಂತರ ಕೆಲಸ ಕಷ್ಟವಾಯಿತು. ವಿಶ್ವವಿದ್ಯಾಲಯ ಆ ವರ್ಷ ರಷ್ಯಾ ಮತ್ತು ಬೆಲಾರುಸ್‌ನಿಂದ ಬರುವ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಕ್ಷೇತ್ರಕಾರ್ಯಕ್ಕೆ ಗಡಿ ದಾಟುವುದು ಅಸಾಧ್ಯದ ಹತ್ತಿರ ಬಂತು. ದೂರದಿಂದಲೇ ಮಾಡುವ ಸಂದರ್ಶನ ಅದರ ಜಾಗಕ್ಕೆ ಬಂದರೂ, ಉತ್ತರಿಸುವವರ ಸುರಕ್ಷತೆಯನ್ನು ಕಾಯುವುದು ಹೇಗೆಂಬುದು ಪ್ರತಿ ಬಾರಿ ಎದುರಾಗುತ್ತದೆ. 2024ರ ಜನವರಿಯಲ್ಲಿ ಇದಕ್ಕಿಂತ ದೊಡ್ಡ ಆಘಾತವಾಯಿತು. ತಾರ್ತುವಿನ ರಾಜ್ಯಶಾಸ್ತ್ರ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ರಾಜಕೀಯ ಸಿದ್ಧಾಂತ ಕಲಿಸುತ್ತಿದ್ದ, ರಷ್ಯನ್ ಪೌರನಾದ ಪ್ರಾಧ್ಯಾಪಕನೊಬ್ಬನನ್ನು ಬಂಧಿಸಿ, ರಷ್ಯಾದ ಸೇನಾ ಗುಪ್ತಚರ ದಳಕ್ಕೆ ಕೆಲಸ ಮಾಡಿದ್ದಕ್ಕಾಗಿ ಜೂನ್‌ನಲ್ಲಿ ಆರು ವರ್ಷ ಮೂರು ತಿಂಗಳ ಶಿಕ್ಷೆ ವಿಧಿಸಲಾಯಿತು. ರಷ್ಯಾ ಯುರೋಪನ್ನು ಹೇಗೆ ಕಾಣುತ್ತದೆ ಎಂದು ಆತನಿಂದಲೇ ಕಲಿತ ವಿದ್ಯಾರ್ಥಿಗಳು ಆ ಟಿಪ್ಪಣಿಗಳನ್ನು ಏನು ಮಾಡಬೇಕು? ಬರಹ ಬೇರೆ, ಬರೆದವನ ಅಪರಾಧ ಬೇರೆ ಎಂದು ನಾನು ಒಪ್ಪುತ್ತೇನೆ, ಆದರೆ ಆ ಮಾತನ್ನು ಅಲ್ಲಿನ ತರಗತಿಯಲ್ಲಿ ನಿಂತು ಹೇಳಬೇಕಾದ ಸಹೋದ್ಯೋಗಿಯ ಜಾಗದಲ್ಲಿ ನಾನಿಲ್ಲ.

ಪ್ರೊಫೆಸರುಗಳೇ ರಾಜಕೀಯಕ್ಕೆ ಇಳಿದರೆ ತಟಸ್ಥತೆ ಉಳಿಯುತ್ತದೆಯೇ?

ಸಣ್ಣ ದೇಶದಲ್ಲಿ ಇದು ತಪ್ಪುವುದಿಲ್ಲ. 1988ರಲ್ಲಿ ಎಸ್ಟೋನಿಯಾದ ಜನರಂಗವನ್ನು (ಪಾಪ್ಯುಲರ್ ಫ್ರಂಟ್ ಎಂಬ ಜನಚಳವಳಿ) ಕಟ್ಟಿದವರಲ್ಲಿ ಒಬ್ಬರಾದ ಮಾರ್ಯು ಲೌರಿಸ್ಟಿನ್ 1992ರಿಂದ 1994ರವರೆಗೆ ಸಮಾಜಕಲ್ಯಾಣ ಸಚಿವೆಯಾಗಿದ್ದರು, ತಾರ್ತುವಿನ ಪ್ರಾಧ್ಯಾಪಕರೂ ಆಗಿದ್ದರು. ಅವರ ತಂದೆ ಸೋವಿಯತ್ ಎಸ್ಟೋನಿಯಾದ ಮೊದಲ ಸರ್ಕಾರದ ಮುಖ್ಯಸ್ಥ. ತಾಗೆಪೆರಾ 2001ರಲ್ಲಿ 'ರೆಸ್ ಪುಬ್ಲಿಕಾ' ಪಕ್ಷದ ಮೊದಲ ಅಧ್ಯಕ್ಷರಾದರು, ಮರುವರ್ಷ ಸ್ಥಾನ ಬಿಟ್ಟರು. 2003ರಲ್ಲಿ ಆ ಪಕ್ಷ 28 ಸ್ಥಾನ ಗೆದ್ದು ಸರ್ಕಾರ ರಚಿಸಿತು, ಹೆಚ್ಚು ವರ್ಷ ಬಾಳದೆ 2006ರಲ್ಲಿ ಇನ್ನೊಂದು ಪಕ್ಷದೊಡನೆ ವಿಲೀನವಾಯಿತು. ಹೀಗೆ ಏರಿ ಇಳಿದ ಪಕ್ಷಗಳನ್ನು ಅಧ್ಯಯನ ಮಾಡುವವರು ಮುಂದೆ ಅದನ್ನೂ ಒಂದು ಉದಾಹರಣೆಯಾಗಿ ತೆಗೆದುಕೊಂಡರು. ಯಾರು ಯಾವ ಪಕ್ಷದಲ್ಲಿದ್ದರು ಎಂಬುದು ಎಲ್ಲರಿಗೂ ಗೊತ್ತಿರುವ ಕಡೆ ಪಕ್ಷಪಾತವನ್ನು ಪತ್ತೆ ಮಾಡುವುದು ಸುಲಭ. ತಟಸ್ಥನೆಂದು ಹೇಳಿಕೊಂಡು ಒಳಗೊಳಗೇ ಕೆಲಸ ಮಾಡುವವನ ಬಗ್ಗೆಯೇ ನನಗೆ ಹೆಚ್ಚು ಭಯ.

ಹಳೆಯ ಒಕ್ಕೂಟದ ಬೇರೆ ಕಡೆಗಳಲ್ಲೂ ಹೀಗೆಯೇ ಆಯಿತೇ?

ಇಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಯುರೋಪಿಯನ್ ವಿಶ್ವವಿದ್ಯಾಲಯ 1994ರಲ್ಲಿ ಹುಟ್ಟಿದ ಸಣ್ಣ ಖಾಸಗಿ ಸಂಸ್ಥೆ. ರಷ್ಯಾದ ಅತ್ಯುತ್ತಮ ರಾಜ್ಯಶಾಸ್ತ್ರ ಸಂಶೋಧನೆಯಲ್ಲಿ ಒಂದಷ್ಟು ಅಲ್ಲಿಂದ ಬಂದಿದೆ. ಚುನಾವಣಾ ವೀಕ್ಷಣೆ ಕುರಿತ ಯೋಜನೆಯೊಂದಕ್ಕೆ ಯುರೋಪಿಯನ್ ಒಕ್ಕೂಟದ ಅನುದಾನ ಪಡೆದ ಬಳಿಕ, 2008ರ ಆರಂಭದಲ್ಲಿ ಅಗ್ನಿಸುರಕ್ಷತೆಯ ಕಾರಣ ಹೇಳಿ ಅದನ್ನು ಕೆಲವು ವಾರ ಮುಚ್ಚಿಸಿದರು. ಮುಂದೆ ಪರವಾನಗಿಯನ್ನೇ ಕಳೆದುಕೊಂಡು 2018ರಲ್ಲಿ ಮರಳಿ ಪಡೆಯಿತು. ಸಂಶೋಧನೆಯನ್ನು ನಿಷೇಧಿಸುವ ಆದೇಶ ಎಲ್ಲೂ ಇರಲಿಲ್ಲ, ಮೆಟ್ಟಿಲು ಮತ್ತು ಬಾಗಿಲುಗಳ ಅಳತೆಯ ಬಗ್ಗೆ ಮಾತ್ರ ತಕರಾರಿತ್ತು. 2022ರ ಡಿಸೆಂಬರ್‌ನಿಂದ ಜಾರಿಯಾದ ಕಾನೂನು 'ವಿದೇಶಿ ಏಜೆಂಟ್' ಎಂದು ಘೋಷಿತರಾದವರು ಸರ್ಕಾರಿ ವಿದ್ಯಾಸಂಸ್ಥೆಗಳಲ್ಲಿ ಪಾಠ ಮಾಡುವುದನ್ನೇ ತಡೆಯಿತು.

ಬೆಲಾರುಸ್‌ನ ಕತೆ ಇನ್ನೂ ವಿಚಿತ್ರ. 1992ರಲ್ಲಿ ಮಿನ್ಸ್ಕ್‌ನಲ್ಲಿ ಆರಂಭವಾದ ಯುರೋಪಿಯನ್ ಹ್ಯುಮ್ಯಾನಿಟೀಸ್ ವಿಶ್ವವಿದ್ಯಾಲಯವನ್ನು 2004ರಲ್ಲಿ ಮುಚ್ಚಿಸಿದಾಗ ಅದು ಪಕ್ಕದ ಲಿಥುವೇನಿಯಾದ ವಿಲ್ನಿಯಸ್‌ಗೆ ಹೋಗಿ ಮರುವರ್ಷ ಬಾಗಿಲು ತೆರೆಯಿತು. ಅಂದಿನಿಂದ ಬೆಲಾರುಸ್ ವಿದ್ಯಾರ್ಥಿಗಳು ತಮ್ಮದೇ ದೇಶದ ರಾಜಕೀಯವನ್ನು ಓದಲು ಗಡಿ ದಾಟಿ ಹೋಗುತ್ತಿದ್ದಾರೆ. ಮಿನ್ಸ್ಕ್‌ನಿಂದ ವಿಲ್ನಿಯಸ್‌ಗೆ ಇರುವ ದೂರ ಇನ್ನೂರು ಕಿಲೋಮೀಟರಿಗಿಂತ ಕಡಿಮೆ.